ಮೂಗುಬೊಟ್ಟು ಹೇಳಿಕೊಟ್ಟ ಪಾಠ

ರಜೆ ಮುಗಿದು ಶಾಲೆ ಮತ್ತೆ ಆರಂಭವಾಗಿತ್ತು. ರಜೆಯಲ್ಲಿ ಮೂಗು ಚುಚ್ಚಿಸಿಕೊಂಡಿದ್ದ ಹುಡುಗಿಯೊಬ್ಬಳು ಚಿನ್ನದ ಪುಟ್ಟ ಮೂಗುಬೊಟ್ಟು ಧರಿಸಿ ತರಗತಿಗೆ ಬಂದಳು. ನಮ್ಮೂರಿನಲ್ಲಾಗಿದ್ದರೆ 'ಚೆನ್ನಾಗಿ ಒಪ್ಪುತ್ತೆ ಕಣೇ' ಎಂದು ಗೆಳತಿಯರು ಹೇಳುವಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಅದು ದಕ್ಷಿಣ ಆಫ್ರಿಕದ ಡರ್ಬನ್ ನಗರ. 2004ರ ಅಕ್ಟೋಬರ್ ತಿಂಗಳು. ಅವಳು ಓದುತ್ತಿದ್ದ ಬಾಲಕಿಯರ ಪ್ರೌಢಶಾಲೆಯ ನಿಯಮದ ಪ್ರಕಾರ ಕಿವಿಗೊಂದು ಸಾದಾ ಓಲೆ ಹಾಗೂ ಕೈಗಡಿಯಾರ ಬಿಟ್ಟರೆ ಬೇರೆ ಆಭರಣ ನಿಷಿದ್ಧ.

1860ರಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಹಡಗೇರಿ ಹೋದ ಭಾರತೀಯರ ಸಂತತಿ ಡರ್ಬನ್ನಿನಲ್ಲಿ ಬಹು ದೊಡ್ಡದು. ಈ ಹುಡುಗಿಯ ಮನೆಯವರೂ ದಕ್ಷಿಣ ಭಾರತ ಮೂಲದವರೇ. ಶಾಲೆ ವಿವರಣೆ ಕೇಳಿದಾಗ ತಾಯಿ ಪತ್ರ ಬರೆದರು. ಇದು ಷೋಕಿಗಾಗಿ ಹಾಕಿಸಿದ್ದಲ್ಲ, ಹೆಣ್ಣುಮಗು ಪ್ರಾಯಕ್ಕೆ ಬಂದಾಗ ಮೂಗು ಚುಚ್ಚಿಸುವುದು ತಮ್ಮ ಮನೆಯ ಹೆಂಗಸರು ನಡೆಸಿಕೊಂಡು ಬಂದ ಪದ್ಧತಿ, ಮಗಳಿಗೆ ಹದಿನಾರು ತುಂಬಿದಾಗ ಅಜ್ಜಿ ಈ ಬೊಟ್ಟು ತೆಗೆದು ವಜ್ರದ್ದನ್ನು ಇಡುತ್ತಾರೆ ಎಂದು ತಿಳಿಸಿದರು.

ಶಾಲೆಯ ಆಡಳಿತ ಮಂಡಳಿ ಒಪ್ಪಲಿಲ್ಲ. ಮಗಳನ್ನು ಸೇರಿಸುವಾಗ ನಿಯಮ ಪಾಲಿಸುವುದಾಗಿ ತಾಯಿಯೇ ಒಪ್ಪಿಕೊಂಡಿದ್ದರಲ್ಲ! ಒಬ್ಬಳಿಗೆ ಬಿಟ್ಟರೆ ನಾಳೆ ಇನ್ನೊಬ್ಬಳು ಮತ್ತೊಂದನ್ನು ತೊಟ್ಟು ಬರುವುದಿಲ್ಲವೇ? ಈ ಆತಂಕವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಉಳ್ಳವರ ಮಗು, ಇಲ್ಲದವರ ಮಗು ಎಂಬ ಭೇದ ತರಗತಿಯೊಳಗೆ ಕಾಣದಿರಲಿ ಎಂದೇ ಅಲ್ಲವೇ ಸಮವಸ್ತ್ರ ಬಂದದ್ದು?

ಮೊದಲ ನ್ಯಾಯಾಲಯದಲ್ಲಿ ಶಾಲೆ ಗೆದ್ದಿತು, ಎರಡನೆಯದರಲ್ಲಿ ತಾಯಿ. ಕೊನೆಗೆ 2007ರ ಅಕ್ಟೋಬರ್ 5ರಂದು ಆ ದೇಶದ ಸಂವಿಧಾನ ನ್ಯಾಯಾಲಯ ತಾಯಿಯ ಪರವಾಗಿ ತೀರ್ಪಿತ್ತಿತು. ಅಷ್ಟು ಹೊತ್ತಿಗೆ ಹುಡುಗಿ ಶಾಲೆ ಬಿಟ್ಟಾಗಿತ್ತು!

ಕೇಳಬೇಕಾದ ಪ್ರಶ್ನೆ ಯಾವುದು?

ಮೂಗುಬೊಟ್ಟು ಹಿಂದೂ ಧರ್ಮದಲ್ಲಿ ಕಡ್ಡಾಯವೇನೂ ಅಲ್ಲ. ತಾಯಿಯೂ ಹಾಗೆಂದು ವಾದಿಸಲಿಲ್ಲ. ಆದರೆ ಮುಖ್ಯ ನ್ಯಾಯಮೂರ್ತಿ ಪಿಯುಸ್ ಲಾಂಗಾ ಬರೆದ ಬಹುಮತದ ತೀರ್ಪು, ಕಡ್ಡಾಯವಲ್ಲದ್ದೂ ರಕ್ಷಣೆಗೆ ಅರ್ಹ ಎಂದಿತು. ಆ ಹುಡುಗಿಗೆ ಅದು ಎಷ್ಟು ಮುಖ್ಯ, ಬಿಟ್ಟುಕೊಟ್ಟರೆ ಶಾಲೆಗಾಗುವ ತೊಂದರೆ ಎಷ್ಟು ಎಂಬುದನ್ನು ತೂಗಿ ನೋಡಿತು. ಕಾರಣ ತಿಳಿಸಿ ಕೊಟ್ಟ ವಿನಾಯಿತಿಯಿಂದ ಶಿಸ್ತು ಕೆಡುವುದಕ್ಕೆ ಪುರಾವೆ ಕಾಣಲಿಲ್ಲ. ಸಮವಸ್ತ್ರವನ್ನು ಅದು ಬೇಡವೆನ್ನಲಿಲ್ಲ; ವಿನಾಯಿತಿ ಕೇಳುವ ಕ್ರಮವೊಂದನ್ನು ನಿಯಮಗಳಲ್ಲಿ ಸೇರಿಸುವಂತೆ ಶಾಲೆಗೆ ಹೇಳಿತು, ಅಷ್ಟೆ.

ಫ್ರಾನ್ಸ್ ಹಿಡಿದದ್ದು ಬೇರೆಯೇ ದಾರಿ. ಡರ್ಬನ್ನಿನ ಹುಡುಗಿ ಮೂಗು ಚುಚ್ಚಿಸಿಕೊಂಡ 2004ರ ಸೆಪ್ಟೆಂಬರ್‌ನಲ್ಲೇ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳ ನಿಷೇಧ ಜಾರಿಗೆ ಬಂತು. ತಲೆವಸ್ತ್ರ, ಯಹೂದಿ ಟೋಪಿ, ದೊಡ್ಡ ಶಿಲುಬೆ ಎಲ್ಲಕ್ಕೂ ಒಂದೇ ನಿಯಮ. ಮಕ್ಕಳನ್ನು ಒತ್ತಡದಿಂದ ಕಾಪಾಡುವುದು ಇದರ ಉದ್ದೇಶವೆಂದರು. ಆದರೆ ಪೇಟ ತೆಗೆಯಲೊಪ್ಪದ ಕೆಲವು ಸಿಖ್ ಹುಡುಗರು ಶಾಲೆಯನ್ನೇ ಕಳೆದುಕೊಂಡರು.

ನಮ್ಮ ಅಂಗಳದಲ್ಲಿ

ನಮ್ಮ ತರಗತಿಗಳಲ್ಲಿ ಕುಂಕುಮ, ವಿಭೂತಿ, ಶಿಲುಬೆಯ ಸರ, ತಾಯತ, ಕಡಗ, ಅಯ್ಯಪ್ಪನ ಮಾಲೆ ಎಲ್ಲವೂ ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳಿವೆ. ಸಿಖ್ಖರು ಕಿರ್ಪಾಣ್ ಧರಿಸುವುದನ್ನು ಸಂವಿಧಾನದ 25ನೇ ವಿಧಿಯೇ ಮಾನ್ಯ ಮಾಡಿದೆ. ಆದರೂ ಉಡುಪಿಯಲ್ಲಿ ಎದ್ದ ಹಿಜಾಬ್ ವಿವಾದ 2022ರಲ್ಲಿ ರಾಜ್ಯವನ್ನೇ ಆವರಿಸಿತು. ಆ ವರ್ಷದ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ಹೇಳಿ ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶ ಸರಿ ಎಂದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ, 'ಅತ್ಯಗತ್ಯವೇ' ಎಂಬ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಹೆಣ್ಣುಮಕ್ಕಳ ಓದು ಮುಖ್ಯ ಎಂದರು. ಈ ನಡುವೆ ಕೆಲವು ಹುಡುಗಿಯರು ಪರೀಕ್ಷೆಗೆ ಕೂರಲಿಲ್ಲ.

2025ರ ಏಪ್ರಿಲ್‌ನಲ್ಲಿ ಬೀದರಿನ ಸಿಇಟಿ ಕೇಂದ್ರವೊಂದರಲ್ಲಿ ಜನಿವಾರ ತೆಗೆಯಲೊಪ್ಪದ ಹುಡುಗನೊಬ್ಬ ಗಣಿತದ ಪರೀಕ್ಷೆ ಬರೆಯದೆ ಮರಳಬೇಕಾಯಿತು. ಎರಡೂ ಕಡೆ ಚಿಹ್ನೆ ಬೇರೆ, ನಷ್ಟ ಒಂದೇ. ಒಂದನ್ನು ಕಂಡು ಮರುಗಿ ಇನ್ನೊಂದನ್ನು ಕಂಡು ಸುಮ್ಮನಿರುವುದು ನ್ಯಾಯವಾದೀತೇ?

ಅಪ್ಪ, ಅಮ್ಮ, ಮೇಷ್ಟ್ರು

ಎಲ್ಲವನ್ನೂ ಬಿಡಿ ಎಂದು ಈ ಲೇಖನದ ವಾದವಲ್ಲ. ಪ್ರಯೋಗಶಾಲೆಯಲ್ಲಿ, ಆಟದ ಬಯಲಿನಲ್ಲಿ ಪೆಟ್ಟಾಗುವಂಥದ್ದನ್ನು ತೆಗೆದಿಡಲೇಬೇಕು. ಇನ್ನೊಬ್ಬರನ್ನು ಕೆಣಕಲೆಂದೇ ತೊಟ್ಟು ಬಂದದ್ದಕ್ಕೆ ಶಾಲೆ ಮಣೆ ಹಾಕಬೇಕಿಲ್ಲ. ಆದರೆ ಪಾಠಕ್ಕೆ ಅಡ್ಡಿಯಾಗದ, ಯಾರಿಗೂ ನೋವು ಮಾಡದ ಗುರುತೊಂದಕ್ಕಾಗಿ ಮಗುವನ್ನು ಬಾಗಿಲಾಚೆ ನಿಲ್ಲಿಸುವುದು ಸಲ್ಲದು.

ಪೋಷಕರೂ ತಮ್ಮನ್ನು ತಾವು ಕೇಳಿಕೊಳ್ಳಬೇಕು. ಇದು ಮಗುವಿನ ಆಸೆಯೋ, ನಮ್ಮ ಹಟವೋ? ತೊಡುವ ಹಕ್ಕಿನಷ್ಟೇ ತೊಡದಿರುವ ಹಕ್ಕೂ ಮಗುವಿಗಿದೆ. ಹಾಗೆಯೇ ಮಕ್ಕಳೇ, ನಿಮಗೆ ಹೆಚ್ಚೆನಿಸಿದ್ದನ್ನು ಸಿಟ್ಟಿನಲ್ಲಲ್ಲ, ಶಾಂತವಾಗಿ ಮೇಷ್ಟ್ರ ಮುಂದೆ ಹೇಳಲು ಕಲಿಯಿರಿ.

ನ್ಯಾಯಾಲಯಗಳಿಗೆ ಮೂರು ವರ್ಷ ಹೆಚ್ಚಲ್ಲ. ಹೈಸ್ಕೂಲಿನ ಹುಡುಗಿಗೆ ಅದೇ ಇಡೀ ಹೈಸ್ಕೂಲು. ಆದ್ದರಿಂದ ಮುಂದಿನ ಸಲ ಶಾಲೆಯ ಪ್ರವೇಶ ಅರ್ಜಿಗೆ ಸಹಿ ಹಾಕುವ ಮುನ್ನ ನಿಯಮಗಳ ಹಾಳೆಯನ್ನು ಪೂರ್ತಿ ಓದಿ. ವಿನಾಯಿತಿ ಬೇಕಾದರೆ ಯಾರನ್ನು, ಹೇಗೆ ಕೇಳಬೇಕೆಂದು ಅದರಲ್ಲಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಜಗಳ ಹುಟ್ಟುವ ಮೊದಲೇ ಕೇಳಿದರೆ ಉತ್ತರ ಸಿಗುವುದು ಸುಲಭ.