ದೂರದರ್ಶಕಕ್ಕೆ ಇಬ್ಬನಿ ಕಾಟ

ಪ್ರಶ್ನೆ: ಹೊಸ ದೂರದರ್ಶಕ ತಂದಿದ್ದೇವೆ. ಅಂಗಳದಲ್ಲಿಟ್ಟರೆ ಸ್ವಲ್ಪ ಹೊತ್ತಿಗೇ ಗುರುಗ್ರಹ ಮಸುಕಾಗುತ್ತದೆ. ಯಾಕೆ?
– ಓದುಗರು, ಉಜಿರೆ

ಉತ್ತರ: ಅದು ಇಬ್ಬನಿಯ ಕೆಲಸ. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ವಿಕಿರಣವಾಗಿ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಘಟ್ಟದ ಬುಡದ ನಿಮ್ಮೂರಲ್ಲಿ ಗಾಳಿಯ ತೇವಾಂಶ ಹೆಚ್ಚು. ಅದು ಗಾಜಿನ ಮೇಲೆ ಹನಿಯಾಗುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆ ನೆನೆದರೂ ಜಗಲಿಯದು ಒಣಗಿಯೇ ಇರುವುದು ಇದೇ ಕಾರಣಕ್ಕೆ: ಮಾಡು ಆಕಾಶವನ್ನು ಮರೆಮಾಡುತ್ತದೆ.

ಮಸೂರದ ದೂರದರ್ಶಕವಾದರೆ ಕಪ್ಪು ಫೋಮ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಬಾಯಿಗೆ ತೊಡಿಸಿ. ಉದ್ದ ಮಸೂರದ ವ್ಯಾಸದ ಒಂದೂವರೆ ಪಟ್ಟು ಇರಲಿ; 80 ಮಿ.ಮೀ. ಮಸೂರಕ್ಕೆ 120 ಮಿ.ಮೀ. ಸಾಕು. ಕನ್ನಡಿ ಕೊಳವೆಯ ತಳದಲ್ಲಿರುವ ನ್ಯೂಟನ್ ಮಾದರಿಗೆ ಈ ಕಾಟ ಕಡಿಮೆ. ಅದರಲ್ಲೂ ಮೇಲ್ತುದಿಯ ಸಣ್ಣ ಕನ್ನಡಿ ಮಂಜಾಗಬಹುದು.

ಮಂಜಾದ ಗಾಜನ್ನು ಬಟ್ಟೆಯಿಂದ ಒರೆಸಬೇಡಿ. ಧೂಳು ಉಜ್ಜಿ ಲೇಪನದ ಮೇಲೆ ಗೀರು ಬೀಳುತ್ತದೆ. ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ ದೂರದಿಂದ ಹಿಡಿಯಿರಿ. ಒಳಗೆ ತಂದ ಮೇಲೆ ಪೂರ್ತಿ ಒಣಗುವವರೆಗೆ ಮುಚ್ಚಳ ಹಾಕಬೇಡಿ, ಇಲ್ಲವಾದರೆ ಬೂಷ್ಟು ಹಿಡಿದೀತು.

ದೂರದರ್ಶಕ ಹೊಸದಾದ್ದರಿಂದ ಇನ್ನೊಂದು ಮಾತು: ಗುರಿ ಹಿಡಿಯಲು ಅದರ ಮೇಲಿರುವ ಫೈಂಡರನ್ನು ಹಗಲಲ್ಲೇ ಸರಿಹೊಂದಿಸಿ. ನಿಮ್ಮಲ್ಲಿಂದ ಗಡಾಯಿಕಲ್ಲು ಬೆಟ್ಟ ಕಾಣುವಂತಿದ್ದರೆ ಅದರ ತುದಿಯೇ ಒಳ್ಳೆಯ ಗುರಿ. ದೂರದರ್ಶಕವನ್ನು ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬೇಡಿ.