ಬೈಕಿನ ಪೆಟ್ರೋಲ್ ತೊಟ್ಟಿಕ್ಕಿದರೆ ಪೈಪಿಗೆ ಕಡ್ಡಿ ಜಡಿಯಬೇಡಿ

ನಮ್ಮ ಬೈಕಿನಿಂದ ಪೆಟ್ರೋಲ್ ಸೋರುತ್ತಿದೆ ಅಂತ ಮೊದಲು ಕಂಡುಹಿಡಿದದ್ದು ನಮ್ಮ ಎತ್ತು. 2023ರ ಜುಲೈ ತಿಂಗಳು. ಬೆಳಿಗ್ಗೆ ಗೋದಲಿಗೆ ಶೇಂಗಾ ಹೊಟ್ಟು ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸಿತು. ಹುಷಾರಿಲ್ಲವೇನೋ ಅಂತ ಕಿವಿ ಮುಟ್ಟಿ ನೋಡಿದೆ. ಚೆನ್ನಾಗೇ ಇತ್ತು. ಆಮೇಲೆ ಹೊಟ್ಟನ್ನು ನಾನೇ ಮೂಸಿದೆ. ಪೆಟ್ರೋಲ್ ವಾಸನೆ! ಕೊಟ್ಟಿಗೆಯ ಮೂಲೆಯಲ್ಲಿ ಬೈಕು, ಅದರ ಬುಡದಲ್ಲೇ ಹೊಟ್ಟಿನ ರಾಶಿ. ರಾತ್ರಿಯೆಲ್ಲ ತೊಟ್ಟಿಕ್ಕಿ ರಾಶಿಯ ಒಂದು ಮಗ್ಗಲು ನೆನೆದಿತ್ತು.

ನಮ್ಮ ಮನೆಯವಳು ಬಂದು ನೋಡಿ, "ಏನ್ರೀ, ನೀರೊಲೆ ಇಲ್ಲೇ ಐತೆ. ದಿನಾ ನಾನು ಬೆಂಕಿ ಹಚ್ಚೋದು ಇಲ್ಲೇ. ಗ್ಯಾನ ಐತಾ ನಿಮಗೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆಟ್ರೋಲ್ ಹೊಗೆ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ನೀರೊಲೆ ಇರುವುದೂ ತಗ್ಗಿನಲ್ಲೇ.

ಬೈಕು 2001ರ ಹೀರೋ ಹೋಂಡಾ ಸ್ಪ್ಲೆಂಡರ್. ಚಳ್ಳಕೆರೆ ಸೀಮೆಯಲ್ಲಿ ನಮ್ಮಂಥ ಮಳೆ ನಂಬಿದ ರೈತರ ಮನೆಯಲ್ಲಿ ಇಂಥ ಹಳೆ ಬಂಡಿ ಒಂದಲ್ಲ ಒಂದು ಇರುತ್ತದೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಹುಲ್ಲಿನ ಹೊರೆ, ಆಸ್ಪತ್ರೆಗೆ ಹೋಗುವ ಮುದುಕರು, ಎಲ್ಲಕ್ಕೂ ಅದೇ. ಇಪ್ಪತ್ತೆರಡು ವರ್ಷ ದುಡಿದಿತ್ತು. ಅದರ ಕಡೆಯಿಂದ ತಪ್ಪಿಲ್ಲ. ತಪ್ಪೆಲ್ಲ ನನ್ನದು. ಅದನ್ನೇ ಬರೆಯುತ್ತೇನೆ.

ಕಡ್ಡಿಯ ಉಪಾಯ

ಕಾರ್ಬೊರೇಟರ್ ಕೆಳಗಿನಿಂದ ಒಂದು ಸಣ್ಣ ಕಪ್ಪು ರಬ್ಬರ್ ಪೈಪು ನೆಲದ ಕಡೆ ಇಳಿದಿರುತ್ತದೆ. ನೀವೂ ನೋಡಿರುತ್ತೀರಿ. ಅದರ ತುದಿಯಿಂದ ಹನಿ ಬೀಳುತ್ತಿತ್ತು. ಪೇಟೆಯ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಬಗ್ಗಿ ನೋಡಿ, "ಓವರ್‌ಫ್ಲೋ ಆಗ್ತಿದೆ, ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿಸಿ" ಅಂದ. ಎರಡು ಸಾವಿರದ ಮೇಲೆ ಹೇಳಿದ. ಬಿತ್ತನೆ ಕಾಲದಲ್ಲಿ ಎರಡು ಸಾವಿರ ಯಾರ ಜೇಬಲ್ಲಿರುತ್ತದೆ? ವಾಪಸ್ ಬಂದೆ. ಬೇವಿನ ಕಡ್ಡಿಯೊಂದನ್ನು ಚೂಪು ಮಾಡಿ ಆ ಪೈಪಿನ ತುದಿಗೆ ಜಡಿದೆ. ಹನಿ ನಿಂತಿತು. ದುಡ್ಡು ಉಳಿಯಿತು ಅಂತ ಒಳಗೊಳಗೇ ಖುಷಿ.

ಒಂದು ವಾರ ಕಳೆಯಿತು. ಪುನರ್ವಸು ಮಳೆ ಒಂದು ರಾತ್ರಿ ಚೆನ್ನಾಗಿ ಬಿತ್ತು. ಆ ವರ್ಷ ರಾಜ್ಯದ ತುಂಬಾ ಬರ ಬಂದದ್ದು ನಿಮಗೆ ನೆನಪಿರಬಹುದು. ನಮಗೆ ಸಿಕ್ಕ ಹದ ಮಳೆ ಅದೊಂದೇ. ಕೆಂಪು ಮಣ್ಣಿನಲ್ಲಿ ಹದ ಎಷ್ಟು ದಿನ ನಿಲ್ಲುತ್ತದೆ? ಎರಡು ದಿನ, ಬಹಳ ಅಂದರೆ ಮೂರು. ಕೂರಿಗೆಯವರಿಗೆ ಹೇಳಿ, ಬಿತ್ತನೆ ಬೀಜಕ್ಕೆ ಕಮ್ಮಿ ಬಿದ್ದದ್ದನ್ನು ತರಲು ಬೈಕ್ ತೆಗೆದೆ. ಕಿಕ್ಕರ್ ಕಲ್ಲಿನಂತೆ ಬಿಗಿ. ಬಲ ಹಾಕಿ ತುಳಿದೆ. ಕಡೆಗೆ ದಟ್ಟ ಹೊಗೆ ಉಗುಳುತ್ತಾ ಶುರುವಾಯಿತು. ಹೋಗುವಾಗಲೇ ಇಂಜಿನ್ನು ಕಲ್ಲು ತುಂಬಿದ ಡಬ್ಬದ ಹಾಗೆ ಸದ್ದು ಮಾಡುತ್ತಿತ್ತು. ಬೀಜ ಹೇರಿಕೊಂಡು ಬರುವಾಗ ಊರು ಇನ್ನೂ ನಾಲ್ಕು ಮೈಲಿ ಇದೆ ಅನ್ನುವಲ್ಲಿ ಬಂಡಿ ಹಿಡಿದುಕೊಂಡು ನಿಂತಿತು.

ನಮ್ಮ ಹೋಬಳಿಯಲ್ಲಿ ಒಬ್ಬರು ಹಳೆ ಮೇಸ್ತ್ರಿ ಇದ್ದಾರೆ. ಕಣ್ಣು ಮಂಜಾದ ಮೇಲೆ ಅಂಗಡಿ ಮಗನಿಗೆ ಬಿಟ್ಟು ಹೊರಗೆ ಮಂಚದ ಮೇಲೆ ಕೂತಿರುತ್ತಾರೆ. ಬೈಕನ್ನು ಗೂಡ್ಸ್ ಆಟೋದಲ್ಲಿ ಅವರಲ್ಲಿಗೆ ಒಯ್ದೆ. ಅವರು ಇಂಜಿನ್ ಆಯಿಲ್ ಅಳೆಯುವ ಕಡ್ಡಿ ಬಿಚ್ಚಿ ಮೂಗಿಗೆ ಹಿಡಿದರು. "ಅಣ್ಣಾ, ಇದು ಆಯಿಲ್ ಅಲ್ಲ, ಪೆಟ್ರೋಲು" ಅಂದರು. ಈ ಬಂಡಿಗೆ ಹಾಕುವುದು ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ ಆಯಿಲ್. ಅವತ್ತು ಇಳಿದದ್ದು ಒಂದೂಕಾಲು ಲೀಟರಿಗೂ ಮೇಲೆ, ನೀರಿನಂತೆ ತೆಳ್ಳಗೆ.

ಆ ಪೈಪಿಗೆ ಕಡ್ಡಿ ಜಡಿದವರು ಯಾರು ಅಂತ ಕೇಳಿದರು. ನಾನೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆರೆ ಕೋಡಿ ಕಟ್ಟಿದರೆ ನೀರು ಏರಿ ಒಡೆದುಕೊಂಡು ಹೋಗಲ್ವಾ ಅಣ್ಣಾ?" ಅಂದರು. ಆಗ ನನಗೆ ಅರ್ಥವಾಯಿತು. ಆ ಪೈಪು ಕಾರ್ಬೊರೇಟರಿನ ಕೋಡಿ. ಹೆಚ್ಚಾದ ಪೆಟ್ರೋಲ್ ಹೊರಗೆ ಹೋಗಲಿ ಅಂತಲೇ ಇಟ್ಟದ್ದು. ಅದನ್ನು ಮುಚ್ಚಿದರೆ ಪೆಟ್ರೋಲ್ ಏರಿ ಇಂಜಿನ್ ಒಳಗೆ ಇಳಿಯುತ್ತದೆ, ಉಂಗುರಗಳ ಸಂದಿಯಿಂದ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾದರೆ ಪಿಸ್ಟನ್ ಉಜ್ಜಿ ಹಿಡಿಯುತ್ತದೆ. ಬೋರು, ಪಿಸ್ಟನ್, ರಿಂಗು, ಕೂಲಿ ಸೇರಿ ಐದೂವರೆ ಸಾವಿರ ಆಯಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಬೀಜ ಹೊಲಕ್ಕೆ ಬರುವ ಹೊತ್ತಿಗೆ ಹದ ಆರಿಹೋಗಿತ್ತು. ಪಕ್ಕದ ಹೊಲದವರು ಬಿತ್ತಿ ಮುಗಿಸಿದ್ದರು. ನಾನು ಮುಂದಿನ ಮಳೆಗೆ ಕಾದೆ. ಆ ವರ್ಷ ಎರಡು ಎಕರೆ ಹಾಗೇ ಬೀಳು ಬಿತ್ತು.

ಇಂಜಿನ್ ಕೆಲಸ ಮುಗಿಯುವ ತನಕ ಎರಡು ದಿನ ಆ ಮಂಚದ ಪಕ್ಕ ಕೂತು ಕಾರ್ಬೊರೇಟರ್ ವಿಚಾರ ಕಲಿತೆ. ಏಳನೇ ಕ್ಲಾಸು ಓದಿದ ನನಗೇ ತಿಳಿಯಿತು ಅಂದರೆ ಯಾರಿಗಾದರೂ ತಿಳಿಯುತ್ತದೆ.

ಒಳಗೇನಿದೆ?

ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ನೀರು ತುಂಬಿದಾಗ ಮೇಲೆದ್ದು ನಲ್ಲಿ ಮುಚ್ಚುವುದು, ಇಲ್ಲೂ ಅದೇ. ಕಾರ್ಬೊರೇಟರ್ ಕೆಳಗೆ ಒಂದು ಬಟ್ಟಲು. ಅದರಲ್ಲಿ ತೇಲುವುದು ಫ್ಲೋಟು. ಫ್ಲೋಟಿನ ಬೆನ್ನ ಮೇಲೆ ಒಂದು ಸಣ್ಣ ಪಿನ್ನು. ಬಟ್ಟಲು ತುಂಬುತ್ತಿದ್ದಂತೆ ಫ್ಲೋಟು ಏರಿ ಪಿನ್ನಿನ ಮೂತಿಯನ್ನು ಪೆಟ್ರೋಲ್ ಬರುವ ತೂತಿಗೆ ಒತ್ತುತ್ತದೆ. ಈ ಪಿನ್ನಿನ ಮೂತಿಗೆ ಸಾಸಿವೆಗಿಂತ ಸಣ್ಣ ಕಸ ಸಿಕ್ಕಿದರೂ ತೂತು ಪೂರ್ತಿ ಮುಚ್ಚುವುದಿಲ್ಲ. ಟ್ಯಾಂಕಿನ ಪೆಟ್ರೋಲು ಇಳಿಯುತ್ತಲೇ ಇರುತ್ತದೆ. ಹನಿ ನೀರಾವರಿ ಮಾಡಿದವರಿಗೆ ಕಸದ ಕಾಟ ಹೇಳಬೇಕಾಗಿಲ್ಲ.

ನನ್ನ ಬಂಡಿಯಲ್ಲಿ ಆಗಿದ್ದೂ ಅಷ್ಟೇ. ಟ್ಯಾಂಕಿನ ತುಕ್ಕಿನ ಒಂದು ಚೂರು. ಪಿನ್ನಿನ ಮೂತಿ ಸುತ್ತ ಉಗುರಿಗೆ ಸಿಗುವಂಥ ಸವೆದ ಗೆರೆಯೂ ಬಿದ್ದಿತ್ತು. ಹೊಸ ಪಿನ್ನಿಗೆ ನೂರೈವತ್ತು ರೂಪಾಯಿ ಆಯಿತು.

ಹನಿ ಎಲ್ಲಿಂದ?

ಮೊದಲು ಸ್ಪ್ಯಾನರ್ ಮುಟ್ಟಬೇಡಿ. ಹನಿ ಎಲ್ಲಿಂದ ಹುಟ್ಟುತ್ತಿದೆ ಅಂತ ನೋಡಿ. ಪೆಟ್ರೋಲ್ ಹರಿದು ಇನ್ನೆಲ್ಲೋ ತೊಟ್ಟಿಕ್ಕುವುದರಿಂದ ಕಣ್ಣಿಗೆ ಮೋಸವಾಗುತ್ತದೆ. ಮೇಸ್ತ್ರಿ ಹೇಳಿಕೊಟ್ಟದ್ದು ಹೀಗೆ. ಬಂಡಿ ಪೂರ್ತಿ ತಣಿಯಲಿ. ಹೊರಗೆ, ಗಾಳಿ ಆಡುವ ಕಡೆ ನಿಲ್ಲಿಸಿ. ಬೀಡಿ ಸೇದುವವರನ್ನು ದೂರ ಕಳಿಸಿ. ಕಾರ್ಬೊರೇಟರನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಹತ್ತು ನಿಮಿಷ ಬಿಟ್ಟರೆ ಎಲ್ಲಿ ಒದ್ದೆಯಾಯಿತು ಅಂತ ಪುಡಿಯೇ ತೋರಿಸುತ್ತದೆ.

ಬಟ್ಟಲು ಮತ್ತು ಮೇಲಿನ ಭಾಗ ಕೂಡುವ ಗೆರೆಯಲ್ಲಿ ಒದ್ದೆಯಾದರೆ ಅಲ್ಲಿನ ರಬ್ಬರ್ ಉಂಗುರ ಹೋಗಿದೆ. ಟ್ಯಾಂಕಿನಿಂದ ಬರುವ ಪೈಪಿನ ತುದಿಯಲ್ಲಾದರೆ ಪೈಪು ಸೀಳಿದೆ ಅಥವಾ ಕ್ಲಿಪ್ ಸಡಿಲ. ಇವು ಚಿಲ್ಲರೆ ಖರ್ಚು.

ಆ ಕಪ್ಪು ಪೈಪಿನಿಂದಲೇ ಬರುತ್ತಿದ್ದರೆ ಸ್ವಲ್ಪ ತಾಳ್ಮೆ ಬೇಕು. ಬಟ್ಟಲಿನ ಬುಡದಲ್ಲಿ ಪೆಟ್ರೋಲ್ ಇಳಿಸಲು ಒಂದು ತಿರುಪು ಇದೆ. ಅದು ಸಡಿಲವಾದರೂ ಇದೇ ಪೈಪಿನಿಂದ ಹನಿ ಬರುತ್ತದೆ. ಮೊದಲು ಅದನ್ನು ಮೆಲ್ಲಗೆ ಬಿಗಿ ಮಾಡಿ. ಹೆಚ್ಚು ಬಲ ಹಾಕಿದರೆ ಬಟ್ಟಲಿನ ಮರೆ ಕಿತ್ತುಬರುತ್ತದೆ. ಅದಕ್ಕೂ ನಿಲ್ಲದಿದ್ದರೆ ಟ್ಯಾಂಕಿನ ಕಾಕ್ ಬಂದ್ ಮಾಡಿ, ಅದೇ ತಿರುಪು ಸಡಿಲಿಸಿ, ಪೈಪಿನ ಕೆಳಗೆ ಗಾಜಿನ ಲೋಟ ಹಿಡಿದು ಬಟ್ಟಲು ಖಾಲಿ ಮಾಡಿ. ಲೋಟದ ತಳದಲ್ಲಿ ತುಕ್ಕಿನ ಪುಡಿ ಇದೆಯಾ, ನೀರು ಬೇರೆಯಾಗಿ ಕೂತಿದೆಯಾ ನೋಡಿ. ತಿರುಪು ಬಿಗಿದು ಕಾಕ್ ತೆರೆಯಿರಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಎರಡು ಸಲ ಹಗುರವಾಗಿ ತಟ್ಟಿ. ಸಿಕ್ಕಿಕೊಂಡ ಫ್ಲೋಟು ಬಿಡುತ್ತದೆ, ಕಸ ತೊಳೆದು ಹೋಗುತ್ತದೆ. ಹೀಗೆ ಎರಡು ಮೂರು ಸಲ ಮಾಡಿದರೆ ಎಷ್ಟೋ ಬಂಡಿಗಳು ಅಲ್ಲೇ ಸರಿಹೋಗುತ್ತವೆ. ಆಚೆ ವರ್ಷ ನಮ್ಮ ತಂಗಿ ಮಗನ ಬೈಕು ಬಿಚ್ಚದೆಯೇ ಸರಿಹೋಯಿತು.

ಬಿಚ್ಚಲೇಬೇಕಾದರೆ

ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಇಳಿಸಿ, ಬಟ್ಟಲಿನ ತಿರುಪುಗಳನ್ನು ಬಿಚ್ಚಿ. ಕೆಳಗೆ ಬಿಳಿ ಬಟ್ಟೆ ಹಾಸಿರಲಿ. ಪಿನ್ನು ಉದುರಿ ಮಣ್ಣಲ್ಲಿ ಬಿದ್ದರೆ ಹುಡುಕುವುದು ಕಷ್ಟ, ನನಗೆ ಗೊತ್ತು. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ತೂತು ಬಿದ್ದಿದೆ, ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತಿದೆ, ಹೊಸದೇ ಹಾಕಬೇಕು. ಪಿನ್ನಿನ ಮೂತಿಯನ್ನು ಬಿಸಿಲಿಗೆ ಹಿಡಿದು ನೋಡಿ. ಗೆರೆ ಬಿದ್ದಿದ್ದರೆ ಬದಲಿಸಿ. ಉಪ್ಪುಕಾಗದದಲ್ಲಿ ಉಜ್ಜಿ ಸರಿ ಮಾಡುತ್ತೇನೆ ಅನ್ನಬೇಡಿ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಪಿನ್ನು ಕೂರುವ ತೂತಿಗೆ ತಂತಿ ಹಾಕಬೇಡಿ. ಕಡ್ಡಿಗೆ ಮೆತ್ತನೆ ಬಟ್ಟೆ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ, ಒಳಗೆ ಮೆಲ್ಲಗೆ ತಿರುಗಿಸಿದರೆ ಸಾಕು. ಬಟ್ಟಲಿನ ಒಳಗೆ ನೆಟ್ಟಗೆ ನಿಂತ ಸಣ್ಣ ಕೊಳವೆ ಇದ್ದರೆ ಅದನ್ನೂ ನೋಡಿ. ಅದು ಬಿರುಕು ಬಿಟ್ಟರೆ ಪಿನ್ನು ಸರಿಯಿದ್ದರೂ ಹನಿ ನಿಲ್ಲುವುದಿಲ್ಲ.

ಮತ್ತೆ ಕೂರಿಸುವ ಮುಂಚೆ ಒಂದು ಪರೀಕ್ಷೆ. ಇದು ನನಗೆ ಬಹಳ ಹಿಡಿಸಿತು. ಪೆಟ್ರೋಲ್ ಬರುವ ಮೂತಿಗೆ ಹೊಸ ಪೈಪಿನ ತುಂಡು ಹಾಕಿ, ಕಾರ್ಬೊರೇಟರನ್ನು ತಲೆಕೆಳಗಾಗಿ ಹಿಡಿದು ಊದಿ. ಫ್ಲೋಟಿನ ಭಾರಕ್ಕೆ ಪಿನ್ನು ಮುಚ್ಚಿಕೊಳ್ಳುತ್ತದೆ, ಗಾಳಿ ಹೋಗಕೂಡದು. ನೆಟ್ಟಗೆ ಹಿಡಿದು ಊದಿದರೆ ಸರಾಗವಾಗಿ ಹೋಗಬೇಕು. ತಲೆಕೆಳಗಾದಾಗಲೂ ಗಾಳಿ ಹೋದರೆ ಕೆಲಸ ಮುಗಿದಿಲ್ಲ ಅಂತ ಲೆಕ್ಕ. ಹೊಸ ಪಿನ್ನು ಹಾಕಿದ ಮೇಲೂ ಹೋದರೆ ಕೂರುವ ತೂತೇ ಸವೆದಿದೆ. ಹೊಸ ಕಾರ್ಬೊರೇಟರ್ ಮಾತು ಆಗ ಆಡಿದರೆ ಸಾಕು.

ಎಷ್ಟು ದಿನದಿಂದ ಸೋರುತ್ತಿತ್ತೋ ಗೊತ್ತಿಲ್ಲದಿದ್ದರೆ ಕಿಕ್ ಹೊಡೆಯುವ ಮುಂಚೆ ಆಯಿಲ್ ಕಡ್ಡಿ ತೆಗೆದು ಮೂಸಿ. ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಇಳಿಸಿ ಹೊಸದು ಹಾಕಿ. ಅದಕ್ಕಾಗುವುದು ನಾಲ್ಕೈದು ನೂರು. ನಾನು ಅವತ್ತು ಇಷ್ಟು ಮಾಡಿದ್ದರೆ ಆ ಎರಡು ಎಕರೆಗೂ ಬೀಜ ಬೀಳುತ್ತಿತ್ತು.

ಕಸ ಬರುವುದು ಎಲ್ಲಿಂದ? ನನ್ನ ವಿಷಯದಲ್ಲಿ ಹಳೆ ಸೀಮೆಎಣ್ಣೆ ಕ್ಯಾನಿನಿಂದ. ಸ್ಪ್ರೇಯರ್‌ಗೆ ಅಂತ ಅದರಲ್ಲೇ ಪೆಟ್ರೋಲ್ ತಂದು, ಉಳಿದದ್ದನ್ನು ಬೈಕಿಗೆ ಸುರಿಯುತ್ತಿದ್ದೆ. ಬೇಸಿಗೆಯಲ್ಲಿ ಬಂಡಿಯನ್ನು ಕಾಲು ಲೀಟರ್ ಪೆಟ್ರೋಲಿನಲ್ಲಿ ವಾರಗಟ್ಟಲೆ ನಿಲ್ಲಿಸುವ ಅಭ್ಯಾಸವೂ ಇತ್ತು. ಖಾಲಿ ಟ್ಯಾಂಕಿನ ಒಳಗೋಡೆ ಬೆವರಿ ತುಕ್ಕು ಹಿಡಿಯುತ್ತದೆ. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇದೆ. 2022ರಲ್ಲಿ ನೂರಕ್ಕೆ ಹತ್ತು ಭಾಗ ಇದ್ದದ್ದು 2025ರ ಹೊತ್ತಿಗೆ ಇಪ್ಪತ್ತಾಯಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕೆಲವು ಹಳೆ ಬಂಡಿಗಳಲ್ಲಿ ಇಪ್ಪತ್ತು, ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಎಥೆನಾಲಿಗೆ ಹೋಗುವುದು ನಾವು ಬೆಳೆದ ಕಬ್ಬು, ಮೆಕ್ಕೆಜೋಳ. ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ರಬ್ಬರ್ ಉಂಗುರದ ಖರ್ಚೂ ನಮ್ಮದೇ.

2020ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರೇ ಇಲ್ಲ. ಗ್ಯಾರೇಜಿನ ಹುಡುಗರಿಗೆ ಇದನ್ನು ಬಿಚ್ಚಿ ಕೂರುವ ಪುರುಸೊತ್ತು ಕಡಿಮೆಯಾಗುತ್ತಿದೆ. ಹಳೆ ಬಂಡಿ ಇಟ್ಟುಕೊಂಡವರು ಒಂದು ಪಿನ್ನು, ಒಂದು ಬಟ್ಟಲಿನ ಉಂಗುರ ಮನೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ನಾನು ಬೀಜೋಪಚಾರದ ಡಬ್ಬಿ ಪಕ್ಕದಲ್ಲಿ ಇಟ್ಟಿದ್ದೇನೆ, ಬಿತ್ತನೆ ಸಮಯದಲ್ಲೇ ಬೇಕಾಗುವುದರಿಂದ.

ವಾಸನೆ ಹಿಡಿದ ಹೊಟ್ಟನ್ನು ತಿಪ್ಪೆಗೆ ಸುರಿದೆ. ಟ್ಯಾಂಕ್ ಬಿಚ್ಚಿ ತೊಳೆಸಿ ಪೈಪಿನ ನಡುವೆ ಸಣ್ಣ ಫಿಲ್ಟರ್ ಹಾಕಿಸಿದೆ. ಕಡ್ಡಿ ಜಡಿದು ಸೀಳಿದ್ದ ಕಪ್ಪು ಪೈಪಿನ ಬದಲು ಹೊಸ ತುಂಡು ಹಾಕಿದೆ, ಇಪ್ಪತ್ತು ರೂಪಾಯಿ. ಬೈಕು ಈಗ ಕೊಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಹೊರಗೆ ಹುಣಸೆ ಮರದ ಕೆಳಗೆ ಒಂದು ತಗಡು ಹೊದಿಸಿದ್ದೇನೆ. ರಾತ್ರಿ ಕಾಕ್ ಬಂದ್ ಮಾಡಿದಿರಾ ಅಂತ ಮನೆಯವಳು ಒಳಗಿನಿಂದಲೇ ಕೇಳುತ್ತಾಳೆ. ಕೆಲವು ಸಲ ಎದ್ದು ಹೋಗಿ ನೋಡಿ ಬರಬೇಕಾಗುತ್ತದೆ.