ಎಂಜಿನ್ನಿನೊಳಗಣ ಗಂಟೆ

ರಾತ್ರಿಯ ರೈಲಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸುವ ನಮ್ಮಲ್ಲಿ ಎಷ್ಟು ಮಂದಿ, ಗಾಡಿಯ ಮುಂದೆ ಕುಳಿತು ಕತ್ತಲೆಯನ್ನು ದಿಟ್ಟಿಸುತ್ತಿರುವ ಡ್ರೈವರನನ್ನು ನೆನೆದಿದ್ದೇವೆ? ಸಾವಿರಾರು ಪ್ರಾಣಗಳು ಅವನ ಎರಡು ಕಣ್ಣುಗಳ ಕಾವಲಿನಲ್ಲಿರುತ್ತವೆ. ಆದರೆ ಕಣ್ಣು ಮಂಜಿಗೆ ಸೋಲುತ್ತದೆ, ಮಳೆಗೆ ಸೋಲುತ್ತದೆ, ಸತತ ರಾತ್ರಿಪಾಳಿಯ ದಣಿವಿಗೂ ಸೋಲುತ್ತದೆ. ಕಣ್ಣು ಸೋತಲ್ಲಿ ಕಿವಿಯಾದರೂ ನೆರವಾಗಲೆಂದು ಎಂಜಿನ್ನಿನೊಳಗೆ ಗಂಟೆಯನ್ನೂ ಕೊಂಬನ್ನೂ ಇಟ್ಟರು. ಆ ಗಂಟೆಯ ಚರಿತ್ರೆಯಲ್ಲಿ ನಮ್ಮ ದೇಶವು ಕಲಿಯಬೇಕಾದ ಪಾಠವೊಂದಿದೆ.

ಕಿವಿಗೆ ಎಚ್ಚರಿಕೆ ಕೊಡುವ ಪದ್ಧತಿ ನಮಗೆ ಹೊಸದಲ್ಲ. ಉತ್ತರ ಹಿಂದೂಸ್ಥಾನದಲ್ಲಿ ಚಳಿಗಾಲದ ಮಂಜು ಕವಿದಾಗ, ಸಿಗ್ನಲ್ಲಿಗೆ 270 ಮೀಟರ್ ಮೊದಲೇ ಹಳಿಯ ಮೇಲೆ ಪಟಾಕಿಗಳನ್ನು ಕಟ್ಟುವ ವಾಡಿಕೆಯುಂಟು. ಗಾಲಿಯ ಅಡಿಯಲ್ಲಿ ಅವು ಸಿಡಿದ ಸದ್ದೇ ಡ್ರೈವರನಿಗೆ ಸಿಗ್ನಲ್ಲು ಸಮೀಪಿಸಿತೆಂಬ ಸೂಚನೆ. ಡ್ರೈವರನೂ ಅವನ ಸಹಾಯಕನೂ ಸಿಗ್ನಲ್ಲಿನ ಬಣ್ಣವನ್ನು ಪರಸ್ಪರ ಗಟ್ಟಿಯಾಗಿ ಕೂಗಿ ಹೇಳಬೇಕೆಂಬ ನಿಯಮವೂ ಈ ಉದ್ದೇಶದಿಂದಲೇ ಹುಟ್ಟಿದ್ದು.

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯು 1906ರಲ್ಲಿ ಫೇರ್‌ಫರ್ಡ್ ಶಾಖಾಮಾರ್ಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಳಿಗಳ ನಡುವೆ ಒಂದು ಲೋಹದ ಪಟ್ಟಿ. ಎಂಜಿನ್ನಿನ ಅಡಿಯಲ್ಲಿ ಅದನ್ನು ಮುಟ್ಟುವ ಒಂದು ಉಪಕರಣ. ಹಾದಿ ತೆರೆದಿದ್ದರೆ ಪಟ್ಟಿಯಲ್ಲಿ ವಿದ್ಯುತ್ತು ಹರಿದು ಗಂಟೆ ಬಾರಿಸುವುದು. ಇಲ್ಲವಾದರೆ ಕೊಂಬು ಕೂಗುವುದು. ಡ್ರೈವರನು ಕೂಗನ್ನು ಕೇಳಿದೆನೆಂದು ಸನ್ನೆಯನ್ನು ಎತ್ತದಿದ್ದರೆ ಬ್ರೇಕು ತಾನಾಗಿಯೇ ಬೀಳುವುದು. ಇಷ್ಟು ಸರಳವಾದ ಏರ್ಪಾಡು ಕಣ್ಣೆದುರಿಗಿದ್ದರೂ ಆ ದೇಶದ ಉಳಿದ ಮಾರ್ಗಗಳ ಬಹುಪಾಲು ಅದಿಲ್ಲದೆಯೇ ಉಳಿದವು. 1952ರ ಅಕ್ಟೋಬರ್ 8ರ ಬೆಳಿಗ್ಗೆ ಹ್ಯಾರೊ ನಿಲ್ದಾಣದಲ್ಲಿ, ಪರ್ತ್‌ನಿಂದ ಬಂದ ಎಕ್ಸ್‌ಪ್ರೆಸ್ ಗಾಡಿಯು ಎಚ್ಚರಿಕೆಯ ಸಿಗ್ನಲ್ಲನ್ನೂ ಕೆಂಪು ಸಿಗ್ನಲ್ಲುಗಳನ್ನೂ ದಾಟಿ, ನಿಂತಿದ್ದ ಸ್ಥಳೀಯ ಗಾಡಿಗೆ ಅಪ್ಪಳಿಸಿತು; ಎದುರಿನಿಂದ ಬಂದ ಇನ್ನೊಂದು ಎಕ್ಸ್‌ಪ್ರೆಸ್ಸು ಆ ಅವಶೇಷಗಳ ಮೇಲೆ ಬಿತ್ತು. 112 ಮಂದಿ ಮಡಿದರು. ಇದಾದ ತರುವಾಯವೇ ದೇಶವ್ಯಾಪಿಯಾಗಿ ಎಚ್ಚರಿಕೆಯ ಯಂತ್ರವನ್ನು ಅಳವಡಿಸುವ ಕಾರ್ಯಕ್ಕೆ ವೇಗ ಬಂದಿತು. ನಲವತ್ತಾರು ವರ್ಷಗಳ ಹಿಂದೆಯೇ ತಿಳಿದಿದ್ದುದನ್ನು ಮಾಡಲು ನೂರಾರು ಹೆಣಗಳು ಬೀಳಬೇಕಾಯಿತೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವವರಾರು?

ಆದರೆ ಗಂಟೆಯನ್ನು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಯಂತ್ರದಲ್ಲಿ ಹಸಿರಿಗೆ ಮಾತ್ರ ಗಂಟೆ. ಹಳದಿಗೂ ಕೆಂಪಿಗೂ ಒಂದೇ ಕೊಂಬು. ಕೊಂಬು ಕೂಗಿದೊಡನೆ ಡ್ರೈವರನು ಗುಂಡಿಯನ್ನೊತ್ತಿದರೆ ಬ್ರೇಕು ಬೀಳದು. ದಟ್ಟಣೆಯ ಮಾರ್ಗಗಳಲ್ಲಿ ದಿನವೆಲ್ಲ ಹೀಗೆ ಒತ್ತುತ್ತ ಹೋಗುವ ಕೈಗೆ ಅದು ಅಭ್ಯಾಸವಾಗಿಬಿಡುತ್ತದೆ. ಬುದ್ಧಿಯು ಕೇಳುವ ಮೊದಲೇ ಕೈ ಉತ್ತರಿಸಿರುತ್ತದೆ. 1999ರ ಅಕ್ಟೋಬರ್ 5ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಬಳಿ ಕೆಂಪು ಸಿಗ್ನಲ್ಲನ್ನು ದಾಟಿದ ಗಾಡಿಯಲ್ಲಿ ಕೊಂಬು ಕೂಗಿಯೇ ಇತ್ತು, ಗುಂಡಿಯನ್ನು ಒತ್ತಿಯೂ ಆಗಿತ್ತು. 31 ಮಂದಿ ಸತ್ತರು. ಅದೇ ಸಿಗ್ನಲ್ಲನ್ನು ಹಿಂದಿನ ಆರು ವರ್ಷಗಳಲ್ಲಿ ಎಂಟು ಬಾರಿ ಬೇರೆ ಗಾಡಿಗಳು ಹೀಗೆಯೇ ದಾಟಿದ್ದುವು. ಅದಕ್ಕೆ ಎರಡು ವರ್ಷಗಳ ಮೊದಲು, 1997ರಲ್ಲಿ, ಸೌತ್‌ಹಾಲ್‌ನಲ್ಲಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ ಗಾಡಿಯಲ್ಲಿಯಾದರೋ ಎಚ್ಚರಿಕೆಯ ಯಂತ್ರ ಕೆಟ್ಟು ಸುಮ್ಮನಿತ್ತು. ಗಾಡಿಯನ್ನು ತಾನೇ ನಿಲ್ಲಿಸಬಲ್ಲ ಇನ್ನೊಂದು ಯಂತ್ರವಿದ್ದರೂ ಅದನ್ನು ಚಾಲೂ ಮಾಡಿರಲಿಲ್ಲ.

ಇದರಿಂದ ತಿಳಿಯುವುದಿಷ್ಟೆ: ಕೂಗಿ ಸುಮ್ಮನಾಗುವ ಎಚ್ಚರಿಕೆಯು ಅರ್ಧ ರಕ್ಷಣೆ ಮಾತ್ರ. ಕೂಗಿನ ಹಿಂದೆ ಬ್ರೇಕು ಇರಬೇಕು. ಬ್ರೇಕಿನ ಹಿಂದೆ ಅದನ್ನು ಸುಸ್ಥಿತಿಯಲ್ಲಿಡುವ ಆಡಳಿತವಿರಬೇಕು.

ನಮ್ಮ ದೇಶದಲ್ಲಿ ಈ ತತ್ತ್ವವನ್ನು ಅನುಸರಿಸಿ ರೂಪುಗೊಂಡ ಸ್ವದೇಶಿ ಯಂತ್ರವೇ ‘ಕವಚ’. ಸಿಗ್ನಲ್ಲಿನ ಸ್ಥಿತಿಯನ್ನು ಅದು ರೇಡಿಯೋ ಮೂಲಕ ಎಂಜಿನ್ನಿನೊಳಗೇ ತೋರಿಸುತ್ತದೆ. ವೇಗ ಮೀರಿದರೆ ಕೂಗಿ ಎಚ್ಚರಿಸುತ್ತದೆ. ಡ್ರೈವರನು ಗಮನಿಸದಿದ್ದರೆ ತಾನೇ ಬ್ರೇಕು ಹಾಕುತ್ತದೆ. ಇದರ ಆರಂಭದ ಪರೀಕ್ಷೆಗಳು ನಡೆದ ಮಾರ್ಗಗಳಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿಯೂ ನಮ್ಮ ಬೀದರವೂ ಸೇರಿವೆಯೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2016ರಲ್ಲಿ ಪ್ರಯಾಣಿಕರ ಗಾಡಿಗಳಲ್ಲಿ ಪರೀಕ್ಷೆ ಆರಂಭವಾಯಿತು. 2020ರಲ್ಲಿ ಇದನ್ನು ರಾಷ್ಟ್ರೀಯ ಪದ್ಧತಿಯೆಂದು ಅಂಗೀಕರಿಸಲಾಯಿತು. ಆದರೆ 2024ರ ನಡುವರೆಗೆ ಅದು ಹಬ್ಬಿದ್ದು 1465 ಕಿಲೋಮೀಟರು. ದೇಶದ ಹಾದಿಯೋ ಸುಮಾರು 68,000 ಕಿಲೋಮೀಟರು. 2025ರಲ್ಲಿ ಮಥುರಾ–ಕೋಟಾ ಭಾಗಕ್ಕೂ ಅದು ಬಂದಿರುವುದು ಸಂತೋಷವೇ ಸರಿ; ಆದರೆ ಈ ನಡಿಗೆ ಸಾಲದು.

2024ರ ಜೂನ್ 17ರಂದು ಬಂಗಾಳದ ರಂಗಾಪಾನಿಯ ಬಳಿ ಮಾಲುಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಬಡಿಯಿತು. ಆ ದಿನವೇ ತಪ್ಪು ಡ್ರೈವರನದೆಂಬ ಮಾತು ಅಧಿಕಾರಸ್ಥಾನದಿಂದ ಹೊರಟಿತು. ಉತ್ತರ ಕೊಡಲು ಆತನು ಬದುಕಿರಲಿಲ್ಲ. ತರುವಾಯ ನಡೆದ ಸುರಕ್ಷತಾ ಕಮಿಷನರರ ತನಿಖೆಯಲ್ಲಿ, ಬೆಳಗಿನಿಂದ ಸಿಗ್ನಲ್ಲುಗಳು ಕೆಟ್ಟಿದ್ದಾಗ ಗಾಡಿಗಳನ್ನು ನಡೆಸಿದ ರೀತಿಯಲ್ಲಿಯೇ ಹಲವು ಲೋಪಗಳಿದ್ದುದು ಬಯಲಾಯಿತು. ಆ ಮಾರ್ಗದಲ್ಲಿ ಕವಚವಿರಲಿಲ್ಲ. ಸತ್ತವನ ಮೇಲೆ ಹೊರೆ ಹೊರಿಸುವುದು ಸುಲಭ. ಬದುಕಿರುವವರ ಹೊಣೆಯನ್ನು ಗುರುತಿಸುವುದು ಕಷ್ಟ.

ಯಂತ್ರವೊಂದೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವವರಲ್ಲ. 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ಸಿಗ್ನಲ್ಲಿನ ತಂತಿಗಳ ತಪ್ಪು ಜೋಡಣೆಯಿಂದ ಸುಮಾರು ಮುನ್ನೂರು ಪ್ರಾಣಗಳು ಹೋದುವು. ಸಿಗ್ನಲ್ಲೇ ಸುಳ್ಳಾಡಿದರೆ ಅದನ್ನು ನಂಬಿದ ಯಂತ್ರವೂ ಮೋಸಹೋಗುವುದು. ಹಾಗೆಯೇ ನಿದ್ದೆಗೆಟ್ಟ ಮನುಷ್ಯನನ್ನು ಕೊಂಬು ಕೂಗಿ ಎಷ್ಟು ಹೊತ್ತು ಎಚ್ಚರವಾಗಿಡಬಲ್ಲದು? ಸತತ ರಾತ್ರಿಪಾಳಿಗಳನ್ನು ಎರಡಕ್ಕೆ ಮಿತಗೊಳಿಸಿರೆಂದು ಡ್ರೈವರರ ಸಂಘಗಳು ಕೇಳುತ್ತ ಬಂದಿರುವುದು ಭೋಗದ ಬೇಡಿಕೆಯಲ್ಲ. ಅದು ನಮ್ಮ ನಿಮ್ಮೆಲ್ಲರ ಪ್ರಾಣದ ಬೇಡಿಕೆ.

ಆದುದರಿಂದ ರೈಲ್ವೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇದು: ಕವಚವು ಯಾವ ಮಾರ್ಗಕ್ಕೆ ಯಾವ ವರ್ಷ ಬರುವುದೆಂಬುದನ್ನು ಪ್ರಕಟಿಸಿ, ಕೊಟ್ಟ ಮಾತಿನಂತೆ ನಡೆಯಿರಿ, ಇರುವ ಯಂತ್ರಗಳು ಒಂದು ದಿನವೂ ಸುಮ್ಮನಿರದಂತೆ ನೋಡಿಕೊಳ್ಳಿರಿ, ಅವನ್ನು ನಡೆಸುವವರಿಗೆ ವಿಶ್ರಾಂತಿ ಕೊಡಿರಿ. ಹ್ಯಾರೊವಿನಲ್ಲಿ ಕಲಿತವರು ತಮ್ಮವರ ರಕ್ತದಿಂದ ಕಲಿತರು. ಆ ಪಾಠ ಈಗ ಎಲ್ಲರೆದುರಿಗೆ ತೆರೆದಿದೆ. ಅದನ್ನು ಓದಲು ನಮಗೆ ಇನ್ನೊಂದು ಬೆಲೆ ತೆರುವ ಅಗತ್ಯವಿಲ್ಲ.